ಲಾರಿ ಏರಿ ಬಳ್ಳಾರಿಗೆ ಬಂದ ರೇವಾ

ಹಳೆ ಪೆಟ್ರೋಲ್ ಕಾರು ಕೊಳ್ಳಲು ಹೋದವರು ಮೊದಲು ಬಾನೆಟ್ ಎತ್ತುತ್ತಾರೆ. ಇಂಜಿನ್ ಸ್ಟಾರ್ಟ್ ಮಾಡಿಸಿ ಸದ್ದು ಕೇಳುತ್ತಾರೆ, ಹೊಗೆಯ ಬಣ್ಣ ನೋಡುತ್ತಾರೆ, ಆಯಿಲ್ ಕಡ್ಡಿ ಎಳೆದು ಬೆರಳಿಗೆ ಒರೆಸಿಕೊಳ್ಳುತ್ತಾರೆ. ಹಳೆ ಎಲೆಕ್ಟ್ರಿಕ್ ಕಾರಿನ ಮುಂದೆ ಈ ವಿದ್ಯೆ ಯಾವುದೂ ನಡೆಯುವುದಿಲ್ಲ. ಸದ್ದಿಲ್ಲ, ಹೊಗೆಯಿಲ್ಲ, ಆಯಿಲ್ ಇಲ್ಲ. ಬ್ಯಾಟರಿ ಸತ್ತಿದ್ದರಂತೂ ಕೀ ತಿರುಗಿಸಿದರೂ ಒಂದು ದೀಪ ಹತ್ತುವುದಿಲ್ಲ. ಅದನ್ನು ನೋಡಿದ ಜನ 'ಗುಜರಿಗೆ ಹಾಕಿ' ಅಂದುಬಿಡುತ್ತಾರೆ.

ನನಗೆ ಇದನ್ನು ಒಪ್ಪಲು ಆಗುವುದಿಲ್ಲ. ಎಲೆಕ್ಟ್ರಿಕ್ ಕಾರಿನಲ್ಲಿ ನಿಜವಾಗಿ ಮುಪ್ಪಾಗುವುದು ಬ್ಯಾಟರಿ. ಮೋಟಾರು, ಗೇರ್, ಬಾಡಿ ಎಲ್ಲ ಅಷ್ಟು ಬೇಗ ಸೋಲುವುದಿಲ್ಲ. ಮುಪ್ಪಾಗುವ ಆ ಬ್ಯಾಟರಿಯೇ ಈ ಹದಿನೈದು ವರ್ಷದಲ್ಲಿ ಎಲ್ಲಕ್ಕಿಂತ ಜಾಸ್ತಿ ಸುಧಾರಿಸಿದೆ. ಹಾಗಾಗಿ ಹಳೆ ಎಲೆಕ್ಟ್ರಿಕ್ ಕಾರಿಗೆ ಇವತ್ತಿನ ಬ್ಯಾಟರಿ ಹಾಕಿದರೆ ಅದು ಶೋರೂಮಿನಿಂದ ಹೊರಬಂದ ದಿನಕ್ಕಿಂತ ಚೆನ್ನಾಗಿ ಓಡುತ್ತದೆ. ಪೆಟ್ರೋಲ್ ಕಾರಿನ ವಿಷಯದಲ್ಲಿ ಹೀಗೆ ಹೇಳೋಕಾಗುತ್ತಾ? ಇದನ್ನೇ ನಂಬಿ ನಾನು ಬೆಂಗಳೂರಿನಲ್ಲಿ ಓಡದೆ ನಿಂತಿದ್ದ 2008ರ ರೇವಾ ಅನ್ನೋ ಎಲೆಕ್ಟ್ರಿಕ್ ಕಾರು ಕೊಂಡೆ, ಬಳ್ಳಾರಿಗೆ ತಂದೆ.

ಈ ಆಸೆ ಹತ್ತಿಸಿದ್ದು ಮಾತ್ರ ರೇವಾ ಅಲ್ಲ, ಟೆಸ್ಲಾ ರೋಡ್‌ಸ್ಟರ್. 2008ರಿಂದ 2012ರ ತನಕ ಸುಮಾರು 2,450 ಮಾತ್ರ ತಯಾರಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಇಂಗ್ಲೆಂಡಿನ ಲೋಟಸ್ ಎಲೀಸ್ ಅದಕ್ಕೆ ಮೂಲ. ಬೆನ್ನ ಹಿಂದೆ ಬೆರಳು ಗಾತ್ರದ 6,831 ಲಿಥಿಯಂ ಸೆಲ್‌ಗಳು, ಆಗಿನ ಲ್ಯಾಪ್‌ಟಾಪ್‌ಗಳಿಗೆ ಹಾಕುತ್ತಿದ್ದ ಅಳತೆಯವೇ. ನಿಂತಲ್ಲಿಂದ ಗಂಟೆಗೆ 60 ಮೈಲಿ ವೇಗ ಮುಟ್ಟಲು ನಾಲ್ಕು ಸೆಕೆಂಡೂ ಬೇಡ. ಆದರೆ ನನ್ನ ಮನಸ್ಸಿಗೆ ತಾಗಿದ್ದು ವೇಗ ಅಲ್ಲ. 2014ರ ಡಿಸೆಂಬರಿನಲ್ಲಿ, ತಯಾರಿಕೆ ನಿಂತು ವರ್ಷಗಳಾದ ಮೇಲೆ, ಅದೇ ಕಂಪನಿ ಆ ಹಳೆ ಕಾರುಗಳಿಗೆಂದೇ ಹೊಸ ಬ್ಯಾಟರಿ ಪ್ಯಾಕ್ ಪ್ರಕಟಿಸಿತು. ಮೊದಲಿನ ಜಾಗದಲ್ಲೇ ಕೂರುವ ಪ್ಯಾಕ್, ಶಕ್ತಿ ಮಾತ್ರ ಸುಮಾರು ಮೂರನೇ ಒಂದು ಪಾಲು ಜಾಸ್ತಿ. ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಹಳೆ ಕಾರು ಹೊಸದಕ್ಕಿಂತ ಮುಂದೆ ಹೋಗಬಹುದು ಅನ್ನೋದು ಅವತ್ತು ತಲೆಯಲ್ಲಿ ಕೂತಿತು.

ರೋಡ್‌ಸ್ಟರ್ ಅನ್ನು ಭಾರತಕ್ಕೆ ತರುವ ಮಾತು ಹಾಗಿರಲಿ. ಬಳಸಿದ ಕಾರನ್ನು ಆಮದು ಮಾಡಿಕೊಳ್ಳಬೇಕಾದರೆ ಅದು ತಯಾರಾಗಿ ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು ಅನ್ನೋದು ನಮ್ಮ ನಿಯಮ. ಆ ಬಾಗಿಲು ಮುಚ್ಚಿತ್ತು. ನಮ್ಮದೇ ರಾಜ್ಯದಲ್ಲಿ ಹುಟ್ಟಿದ ಎಲೆಕ್ಟ್ರಿಕ್ ಕಾರು ಇದೆಯಲ್ಲ ಅಂತ ಆಮೇಲೆ ಹುಡುಕಲು ಶುರು ಮಾಡಿದೆ.

ಇವತ್ತಿನ ಹುಡುಗರಿಗೆ ರೇವಾ ಗೊತ್ತಿರಲಿಕ್ಕಿಲ್ಲ. ಮೈನಿ ಗ್ರೂಪ್ ಮತ್ತು ಕ್ಯಾಲಿಫೋರ್ನಿಯಾದ ಅಮೆರಿಗಾನ್ ಸೇರಿ 1994ರಲ್ಲಿ ಕಂಪನಿ ಕಟ್ಟಿದರು. ಚೇತನ್ ಮೈನಿ ಅದರ ಹಿಂದಿನ ಜೀವ. 2001ರಲ್ಲಿ ಕಾರು ಬೆಂಗಳೂರಿನ ರಸ್ತೆಗೆ ಬಂತು, ರೋಡ್‌ಸ್ಟರ್‌ಗಿಂತ ಏಳು ವರ್ಷ ಮುಂಚೆ. ಲಂಡನ್ನಿನಲ್ಲಿ ಇದೇ ಕಾರು ಜಿ-ವಿಜ್ ಅನ್ನೋ ಹೆಸರಲ್ಲಿ ಓಡಿತು. 2009ರಲ್ಲಿ ಫ್ರಾಂಕ್‌ಫರ್ಟ್ ಮೋಟಾರ್ ಶೋನಲ್ಲಿ ಎನ್‌ಎಕ್ಸ್‌ಜಿ ಅನ್ನೋ ಎರಡು ಸೀಟಿನ ಸ್ಪೋರ್ಟ್ಸ್ ಮಾದರಿಯನ್ನೂ ತೋರಿಸಿದ್ದರು, ದಿಲೀಪ್ ಛಾಬ್ರಿಯಾ ವಿನ್ಯಾಸದ್ದು. ಅದು ರಸ್ತೆಗೆ ಬರಲೇ ಇಲ್ಲ. 2010ರಲ್ಲಿ ಕಂಪನಿಯ ಹೆಚ್ಚಿನ ಪಾಲು ಮಹೀಂದ್ರಾ ಕೈಗೆ ಹೋಯಿತು. ಆ ಎನ್‌ಎಕ್ಸ್‌ಜಿ ಬಂದಿದ್ದರೆ ಏನಾಗುತ್ತಿತ್ತು ಅಂತ ನಾನು ಈಗಲೂ ಯೋಚಿಸುತ್ತೇನೆ.

ನನಗೆ ಸಿಕ್ಕ ಕಾರು ಒಂದು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಹೊದಿಕೆ ಹೊದ್ದು ನಿಂತಿತ್ತು. ಮಾಲೀಕರು ನಿವೃತ್ತ ಅಧ್ಯಾಪಕರು. ನಾನು ಟಾರ್ಚ್ ಹಿಡಿದು ಕಾರಿನಡಿ ಮಲಗಿದಾಗ, 'ಮೊದಲು ಟೀ ಕುಡೀರಿ' ಅಂದರು. ಆದರೆ ನನಗೆ ಮೊದಲು ಚಾಸಿ ನೋಡಬೇಕಿತ್ತು. ರೇವಾದ ಮೈ ಎಬಿಎಸ್ ಪ್ಲಾಸ್ಟಿಕ್ಕಿನದು. ಹೆಬ್ಬೆರಳಿನಿಂದ ಒತ್ತಿದರೆ ಒಳಗೆ ಹೋಗಿ ತಾನೇ ವಾಪಸ್ ಬರುತ್ತದೆ. ತುಕ್ಕು ಹಿಡಿಯುವ ಮಾತಿಲ್ಲ. ಒಳಗಿನ ಚೌಕಟ್ಟು ಮಾತ್ರ ಉಕ್ಕಿನ ಪೈಪಿನದು, ತುಕ್ಕು ಹಿಡಿದರೆ ಅದಕ್ಕೇ ಹಿಡಿಯಬೇಕು. ಬ್ಯಾಟರಿ ಆಸಿಡ್ ಸೋರಿದ ಕಡೆ ಬಣ್ಣ ಏಳುತ್ತದೆ, ಉಕ್ಕು ಪದರ ಪದರವಾಗಿ ಉದುರುತ್ತದೆ. ಸೀಟಿನ ಕೆಳಗಿನ ಪಟ್ಟಿಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಕುಟ್ಟಿ ನೋಡಿದೆ. ಎಲ್ಲ ಕಡೆ ಟಣ್ ಅಂತು. ಹಿಂದಿನ ಚಕ್ರವನ್ನು ಜಾಕ್ ಮೇಲೆ ಎತ್ತಿ ಕೈಯಲ್ಲಿ ತಿರುಗಿಸಿದಾಗ ಮೋಟಾರಿನಲ್ಲಿ ಸಣ್ಣ ಗರಗರ ಇತ್ತು. ಬೇರಿಂಗ್. ಅದು ಹೆದರುವ ವಿಷಯ ಅಲ್ಲ. ಹೆದರಬೇಕಾದ್ದು ಇಲಿಗೆ. ನಿಂತ ಕಾರಿನ ವೈರಿಂಗ್ ಮೇಲೆ ಇಲಿಗೆ ಇರುವ ಪ್ರೀತಿ ಎಲ್ಲ ಗ್ಯಾರೇಜಿನವರಿಗೂ ಗೊತ್ತು. ಇಲ್ಲಿ ಒಂದು ಕಡೆ ಮಾತ್ರ ಸ್ಲೀವ್ ಕಡಿದಿತ್ತು, ತಾಮ್ರದ ತಂತಿ ಮುಟ್ಟಿರಲಿಲ್ಲ.

ವ್ಯಾಪಾರ ಕುದುರಿತು. ಇನ್ನು ತರೋದು ಹೇಗೆ?

ಎಲೆಕ್ಟ್ರಿಕ್ ಕಾರನ್ನು ಹಗ್ಗ ಕಟ್ಟಿ ಎಳೆದು ತರುತ್ತೇನೆ ಅಂತ ಯಾರಾದರೂ ಅಂದರೆ ದಯವಿಟ್ಟು ತಡೆಯಿರಿ. ಇದಕ್ಕೆ ಕ್ಲಚ್ ಇಲ್ಲ. ಚಕ್ರ ತಿರುಗಿದರೆ ಮೋಟಾರೂ ತಿರುಗುತ್ತದೆ. ಈಗಿನ ಎಷ್ಟೋ ಕಾರುಗಳ ಮೋಟಾರಿನಲ್ಲಿ ಶಾಶ್ವತ ಅಯಸ್ಕಾಂತ ಇರುತ್ತದೆ, ಹಾಗೆ ಎಳೆದರೆ ಅದು ಕರೆಂಟ್ ಹುಟ್ಟಿಸಿ, ಮೋಟಾರಿಗೆ ಕರೆಂಟ್ ಅಳೆದು ಕೊಡುವ ಕಂಟ್ರೋಲರ್ ಸುಟ್ಟುಬಿಡಬಹುದು. ನನ್ನ ರೇವಾದ್ದು ಇಂಡಕ್ಷನ್ ಮೋಟಾರು, ಅಯಸ್ಕಾಂತ ಇಲ್ಲ, ಆ ಅಪಾಯ ಕಡಿಮೆ. ಆದರೂ ಸೋತ ಬೇರಿಂಗ್ ಇಟ್ಟುಕೊಂಡು ಮುನ್ನೂರು ಚಿಲ್ಲರೆ ಕಿಲೋಮೀಟರ್ ತಿರುಗಿಸುವುದು ಯಾಕೆ? ನಾಲ್ಕೂ ಚಕ್ರ ಮೇಲೆ ಇರುವಂತೆ ಲಾರಿಯಲ್ಲಿ ತರುವುದೇ ಸರಿ. ಹಲಗೆ ಹಿಂದಕ್ಕೆ ಬಾಗಿ ನೆಲ ಮುಟ್ಟುವ ಫ್ಲಾಟ್‌ಬೆಡ್ ಗಾಡಿಯೊಂದನ್ನು ಮಾತಾಡಿದೆ.

ಲೋಡ್ ಮಾಡುವ ಮುಂಚೆ ಒಂದು ಕೆಲಸ ಇತ್ತು. ಮುಂದಿನ ಸೀಟುಗಳ ಕೆಳಗೆ 6 ವೋಲ್ಟಿನ ಎಂಟು ಲೆಡ್ ಬ್ಯಾಟರಿ, ಒಟ್ಟು ಎರಡೂವರೆ ಕ್ವಿಂಟಲ್ ಮೇಲೆ ತೂಕ. ನೀರು ಹಾಕುವ ಜಾತಿಯವು. ಹಲಗೆ ಓರೆಯಾದಾಗ ಮುಚ್ಚಳದ ತೂತಿನಿಂದ ಆಸಿಡ್ ಚೆಲ್ಲಿದರೆ, ಇಷ್ಟು ವರ್ಷ ಗಟ್ಟಿಯಾಗಿ ಉಳಿದ ಉಕ್ಕಿನ ಚೌಕಟ್ಟು ದಾರಿಯಲ್ಲೇ ಹಾಳು. ಮೊದಲು ಮೈನಸ್ ಕೇಬಲ್ ಬಿಚ್ಚಿ, ಆಮೇಲೆ ಒಂದೊಂದಾಗಿ ಹೊರಗೆ ತೆಗೆದು, ಕ್ಯಾಬಿನ್ ಹಿಂದೆ ಮರದ ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿ ಕಟ್ಟಿದೆವು. ಭಾರ ಇಳಿದ ಕಾರನ್ನು ಇಬ್ಬರು ತಳ್ಳಿದರೆ ಸಾಕಾಯಿತು, ವಿಂಚ್ ಬೇಕಾಗಲಿಲ್ಲ.

ಡ್ರೈವರ್ ಸಿಂಧನೂರು ಕಡೆಯವರು. ಬೆಲ್ಟನ್ನು ಬಂಪರ್ ಮೇಲೆ ಹಾಯಿಸಲು ಹೋದರು. 'ಅಣ್ಣಾ, ಇದು ಪ್ಲಾಸ್ಟಿಕ್, ಬಿಗಿದರೆ ಬಿರುಕು ಬಿಡುತ್ತೆ' ಅಂದೆ. ಅವರು ಕಾರಿಗೆ ಒಂದು ಸುತ್ತು ಹಾಕಿ ಬಂದರು. 'ಹಂಗಾರ ಟೈರಿಗೇ ಕಟ್ಟಾಣ ಬಿಡ್ರಿ' ಅಂದು ನಾಲ್ಕೂ ಟೈರುಗಳ ಮೇಲೆ ಬೆಲ್ಟ್ ಹಾಯಿಸಿ ಹಲಗೆಯ ಕೊಂಡಿಗೆ ಬಿಗಿದರು. ಚಕ್ರದ ಹಿಂದೆ ಮುಂದೆ ಮರದ ತುಂಡು ಕೊಟ್ಟರು. ಟೈರಿಗೆ ಕಟ್ಟಿದರೆ ಸಸ್ಪೆನ್ಷನ್ ತನ್ನ ಪಾಡಿಗೆ ಆಡುತ್ತದೆ, ಬಾಡಿ ಮೇಲೆ ಎಳೆತ ಬೀಳುವುದಿಲ್ಲ. ಕಾರು ಸಾಗಿಸುವವರು ಎಲ್ಲ ಕಾರಿಗೂ ಹೀಗೇ ಮಾಡಬೇಕು ಅಂತ ನನಗನ್ನಿಸುತ್ತದೆ.

ತುಮಕೂರು, ಸಿರಾ, ಹಿರಿಯೂರು. ಹಿರಿಯೂರಿನಲ್ಲಿ ಬಲಕ್ಕೆ ತಿರುಗಿ ಚಳ್ಳಕೆರೆ ರಸ್ತೆ. ರಾತ್ರಿಯ ಪ್ರಯಾಣವನ್ನೇ ಆರಿಸಿಕೊಂಡಿದ್ದೆ, ಬಿಸಿಲಿಗೆ ಹಳೆ ಪ್ಲಾಸ್ಟಿಕ್ ಕಾಯಿಸುವುದು ಬೇಡ ಅಂತ. ಚಳ್ಳಕೆರೆಯಲ್ಲಿ ಟೀಗೆ ನಿಲ್ಲಿಸಿದಾಗ ಜನ ಸುತ್ತುವರಿದರು. ಯಾರೂ ನಗಲಿಲ್ಲ. ಶೇಂಗಾ ಲೋಡಿನ ಲಾರಿಯವರೊಬ್ಬರು ಗಂಭೀರವಾಗಿ ಕೇಳಿದ್ದು ಒಂದೇ ಪ್ರಶ್ನೆ: 'ಬ್ಯಾಟ್ರಿ ಹೋದ್ರೆ ಎಲ್ಲಿ ಸಿಗ್ತೈತೆ?' ನನ್ನ ಇಡೀ ಯೋಜನೆ ನಿಂತಿದ್ದೇ ಆ ಪ್ರಶ್ನೆಯ ಮೇಲೆ. ರಾಂಪುರ ದಾಟುವ ಹೊತ್ತಿಗೆ ಬೆಳಗಾಗಿತ್ತು.

ಉತ್ತರ ಸಿಕ್ಕಿದ್ದು ಬಳ್ಳಾರಿಯಲ್ಲೇ. ಕಂಪನಿಯ ಸರ್ವಿಸ್ ಸೆಂಟರ್ ಇಲ್ಲದ ಊರಿನಲ್ಲಿ ಎಲೆಕ್ಟ್ರಿಕ್ ಕಾರು ಇಟ್ಟುಕೊಳ್ಳುವುದು ಹೇಗೆ ಅಂತ ಎಲ್ಲರೂ ಕೇಳಿದ್ದರು. ಆದರೆ ಕಾರನ್ನು ಬಿಚ್ಚಿ ಒಂದೊಂದು ಭಾಗ ನೋಡಿ. ಮೂರು ಫೇಸಿನ ಇಂಡಕ್ಷನ್ ಮೋಟಾರು. ನಮ್ಮ ಸುತ್ತಲಿನ ಹೊಲಗಳಲ್ಲಿ ಎಷ್ಟು ಬೋರ್‌ವೆಲ್ ಇವೆ, ಅವುಗಳ ಮೋಟಾರ್ ಕಟ್ಟುವ ವೈಂಡಿಂಗ್ ಅಂಗಡಿಗಳು ಎಷ್ಟು ಇವೆ! ಲೆಡ್ ಬ್ಯಾಟರಿ: ಟ್ರ್ಯಾಕ್ಟರ್, ಯುಪಿಎಸ್ ನಂಬಿಕೊಂಡ ಬ್ಯಾಟರಿ ಅಂಗಡಿಯವರು ಮೂಲೆಮೂಲೆಗೂ ಇದ್ದಾರೆ. 48 ವೋಲ್ಟಿನ ವೈರಿಂಗ್, ಕಂಟ್ರೋಲರ್: ಈಗ ಬೀದಿ ತುಂಬ ಓಡುವ ಎಲೆಕ್ಟ್ರಿಕ್ ಆಟೋಗಳಲ್ಲಿ ಇರುವುದೂ ಅಂಥದ್ದೇ. ರೇವಾ ರಿಪೇರಿ ಮಾಡುವವನು ಅಂತ ಬೋರ್ಡ್ ಹಾಕಿಕೊಂಡ ಒಬ್ಬನೂ ಊರಲ್ಲಿಲ್ಲ. ಆದರೆ ರೇವಾದ ಯಾವ ಭಾಗವೂ ಈ ಊರಿಗೆ ಅಪರಿಚಿತ ಅಲ್ಲ.

ಬ್ಯಾಟರಿ ಅಂಗಡಿಯವರು ಎಂಟನ್ನೂ ಸಾಲಾಗಿ ಇಟ್ಟು ಮೀಟರ್ ಹಿಡಿದರು. ಒಂದರಲ್ಲಿ ಮೀಟರ್ ನಾಲ್ಕು ವೋಲ್ಟ್ ತೋರಿಸಿತು. ಆರು ಇರಬೇಕಾದ ಕಡೆ ನಾಲ್ಕು ಇದ್ದರೆ ಮೂರು ಸೆಲ್‌ನಲ್ಲಿ ಒಂದು ಪೂರ್ತಿ ಸತ್ತಿದೆ ಅಂತ ಅರ್ಥ. ಮುಚ್ಚಳ ತೆಗೆದು ಹೈಡ್ರೋಮೀಟರ್ ಇಳಿಸಿ ಆಸಿಡ್ ನೀರು ಎಳೆದರೆ ಒಳಗಿನ ತೇಲು ಮೇಲೇಳಲೇ ಇಲ್ಲ, ಅಂದರೆ ಆಸಿಡಿನ ಸತ್ವ ಇಳಿದುಹೋಗಿತ್ತು. ಪ್ಲೇಟುಗಳ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪದರ. ಚಾರ್ಜ್ ಇಳಿದ ಲೆಡ್ ಬ್ಯಾಟರಿಯನ್ನು ತಿಂಗಳುಗಟ್ಟಲೆ ಬಿಟ್ಟರೆ ಸಲ್ಫೇಟ್ ಹೀಗೆ ಗಟ್ಟಿಯಾಗಿ ಕೂರುತ್ತದೆ, ಮತ್ತೆ ಕರಗುವುದಿಲ್ಲ. ಎಂಟನ್ನೂ ಸೀಸದ ತೂಕಕ್ಕೆ ಅವರಿಗೇ ಕೊಟ್ಟೆ. ಹೊಸ ಲೆಡ್ ಬ್ಯಾಟರಿ ಹಾಕಿಸಿ ಅಂತ ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ, ಖರ್ಚು ಕಡಿಮೆ. ನನ್ನನ್ನು ಹಿಂದೆ ಎಳೆದದ್ದು ನಮ್ಮ ಬಿಸಿಲು. ಏಪ್ರಿಲ್, ಮೇನಲ್ಲಿ ಬಳ್ಳಾರಿಯಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ಹತ್ತು ಡಿಗ್ರಿ ಬಿಸಿ ಏರಿದರೆ ಲೆಡ್ ಬ್ಯಾಟರಿಯ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಅನ್ನೋದು ಈ ಕಸುಬಿನವರ ಹಳೆ ಲೆಕ್ಕ. ಮೇಲಿಂದ ವಾರವಾರ ನೀರು ನೋಡಬೇಕು.

ಮೋಟಾರನ್ನು ಇಳಿಸಿ ಕೌಲ್‌ಬಜಾರಿನ ವೈಂಡಿಂಗ್ ಅಂಗಡಿಗೆ ಒಯ್ದೆ. ಅಂಗಡಿಯ ಚಾಚಾ ಮೆಗ್ಗರ್ ಮೀಟರ್ ಹಚ್ಚಿ ಇನ್ಸುಲೇಷನ್ ನೋಡಿದರು, ಶಾಫ್ಟ್ ತಿರುಗಿಸಿ ಕಿವಿ ಹತ್ತಿರ ತಂದರು. 'ಇದು ನಮ್ ಬೋರ್ ಮೋಟಾರ್ ಜಾತಿದೇ ಐತಲ್ಲೋ ತಮ್ಮಾ. ಬೇರಿಂಗ್ ಹಾಕಿದ್ರೆ ಆತು. ವೈಂಡಿಂಗ್ ಮುಟ್ಟಬ್ಯಾಡ, ಹೊಸದಿದ್ದಂಗೈತೆ.' ಎರಡು ಬೇರಿಂಗ್, ಸ್ವಲ್ಪ ಗ್ರೀಸ್. ಹಳೆ ಪೆಟ್ರೋಲ್ ಕಾರಿನ ಇಂಜಿನ್ ಕೆಲಸಕ್ಕೆ ಹೋಲಿಸಿದರೆ ಇದನ್ನು ಕೆಲಸ ಅನ್ನೋಕೂ ಆಗಲ್ಲ.

ಇನ್ನು ಹೊಸ ಬ್ಯಾಟರಿ. ನಾನು ಆರಿಸಿದ್ದು ಲಿಥಿಯಂ ಐರನ್ ಫಾಸ್ಫೇಟ್. ಒಂದು ಸೆಲ್ 3.2 ವೋಲ್ಟ್. ಹದಿನಾರನ್ನು ಸಾಲಾಗಿ ಜೋಡಿಸಿದರೆ 51.2 ವೋಲ್ಟ್, ಹಳೆ 48ಕ್ಕೆ ಹತ್ತಿರ. ಲಿಥಿಯಂಗಳಲ್ಲೇ ಇದು ಬಿಸಿಯನ್ನು ಚೆನ್ನಾಗಿ ತಡೆಯುವ, ಬೆಂಕಿಯ ಭಯ ಕಡಿಮೆ ಇರುವ ಜಾತಿ. ಸೋಲಾರ್ ಅಂಗಡಿಗಳಲ್ಲಿ ಸಿಗುವ 280 ಆಂಪಿಯರ್-ಅವರ್ ಸೆಲ್ ಒಂದೊಂದು ಐದೂವರೆ ಕಿಲೋ ಆಸುಪಾಸು. ಹದಿನಾರು ಸೇರಿ 90 ಕಿಲೋ ಒಳಗೆ, ಶಕ್ತಿ 14 ಕಿಲೋವಾಟ್-ಅವರ್. ಹಳೆಯ ಎಂಟು ಬ್ಯಾಟರಿ ಕಾಗದದ ಮೇಲೆ ಕೊಡುತ್ತಿದ್ದದ್ದು 10ಕ್ಕೂ ಕಡಿಮೆ. ಅಂದರೆ ಶಕ್ತಿ ಸುಮಾರು ಒಂದೂವರೆ ಪಟ್ಟು, ತೂಕ ಮೂರನೇ ಒಂದು. ರೋಡ್‌ಸ್ಟರ್‌ಗೆ ಆದದ್ದು ನಮ್ಮ ರೇವಾಗೂ ಆಗುತ್ತದೆ ಅಂತ ನಾನು ಹೇಳುತ್ತಿದ್ದದ್ದು ಇದನ್ನೇ.

ಆದರೆ ಸೆಲ್ ಕೊಂಡು ಜೋಡಿಸಿದರೆ ಮುಗಿಯಲಿಲ್ಲ. ಸೋಲಾರ್‌ಗೆಂದು ಮಾಡಿದ ಸೆಲ್‌ಗಳು ನಿಧಾನವಾಗಿ ಕರೆಂಟ್ ಕೊಡಲು ಹುಟ್ಟಿದವು. ಕಾರಿನ ಮೋಟಾರು ಏರಿನಲ್ಲಿ 13 ಕಿಲೋವಾಟ್ ಕೇಳುತ್ತದೆ. 48 ವೋಲ್ಟ್‌ನಲ್ಲಿ ಅದು 270 ಆಂಪಿಯರ್ ಮೇಲೆ. ಅಷ್ಟನ್ನು ತಡೆದುಕೊಳ್ಳುವ ಸೆಲ್ಲೇ, ಬಿಎಂಎಸ್ಸೇ (ಸೆಲ್‌ಗಳನ್ನು ಕಾಯುವ ಎಲೆಕ್ಟ್ರಾನಿಕ್ ಬೋರ್ಡು), ಕೇಬಲ್ಲೇ ಅಂತ ಮೂರನ್ನೂ ನೋಡಬೇಕು. ಅಗ್ಗದ ಬಿಎಂಎಸ್ ಹಾಕಿದರೆ ಕಾರು ಏರಿನ ಮಧ್ಯೆ ಸುಮ್ನೆ ಆಫ್ ಆಗಿ ನಿಲ್ಲುತ್ತದೆ, ಹಿಂದೆ ಅದಿರು ಲಾರಿ ಬರುತ್ತಿದ್ದರೆ ಗತಿಯೇನು? ಹಳೆ ಚಾರ್ಜರ್ ಕೂಡ ನಡೆಯುವುದಿಲ್ಲ. ಲೆಡ್ ಬ್ಯಾಟರಿಗೆ ಕೊನೆಯಲ್ಲಿ ಜಾಸ್ತಿ ವೋಲ್ಟೇಜ್ ಕೊಟ್ಟು ಎಲ್ಲ ಸೆಲ್ ಸಮ ಮಾಡುವ ಪದ್ಧತಿ ಇದೆ. ಲಿಥಿಯಂಗೆ ಅದು ವಿಷ. ಸೆಲ್‌ಗೆ 3.65 ವೋಲ್ಟ್, ಒಟ್ಟು 58.4. ಅಲ್ಲಿಗೆ ನಿಲ್ಲಬೇಕು. ಪೂರ್ತಿ ಚಾರ್ಜ್ ಆದ ಕೂಡಲೇ ಇಳಿಜಾರು ಸಿಕ್ಕರೆ ಬ್ರೇಕ್ ಹಾಕಿದಾಗ ಮೋಟಾರು ಹುಟ್ಟಿಸಿ ಬ್ಯಾಟರಿಗೆ ವಾಪಸ್ ಕಳಿಸುವ ಕರೆಂಟಿಗೂ ಜಾಗ ಬೇಕಲ್ವಾ? ಅದಕ್ಕೆ ನಾನು ಅದಕ್ಕಿಂತ ಸ್ವಲ್ಪ ಕೆಳಗೇ ಚಾರ್ಜ್ ನಿಲ್ಲಿಸುತ್ತೇನೆ.

ಎಲೆಕ್ಟ್ರಿಕ್ ಆಟೋ ರಿಪೇರಿಯ ಹುಡುಗನೊಬ್ಬ ಜೊತೆಗೆ ಬಂದ. ಕೆಲಸಕ್ಕೆ ಕೂರುವ ಮುಂಚೆ ಅವನು ಕೈಯ ತಾಮ್ರದ ಕಡಗ ಬಿಚ್ಚಿ ಜೇಬಿಗೆ ಹಾಕಿಕೊಂಡ, ಸ್ಪ್ಯಾನರಿನ ಹಿಡಿಗೆ ಕರಿ ಟೇಪು ಸುತ್ತಿದ. ಅದನ್ನು ನೋಡಿಯೇ ನನಗೆ ಧೈರ್ಯ ಬಂತು. 48 ವೋಲ್ಟ್ ಮೈಗೆ ದೊಡ್ಡ ಶಾಕ್ ಕೊಡದಿರಬಹುದು, ಆದರೆ ಎರಡು ಟರ್ಮಿನಲ್ ಮಧ್ಯೆ ಸ್ಪ್ಯಾನರ್ ಬಿದ್ದರೆ ಬೆಸುಗೆ ಹಾಕಿದ ಹಾಗೆ ಕಿಡಿ ಹಾರಿ ಅಂಟಿಕೊಳ್ಳುತ್ತದೆ. ಹದಿನಾರು ಸೆಲ್‌ಗಳನ್ನು ಮೊದಲು ಪ್ಯಾರಲಲ್ ಆಗಿ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಜೋಡಿಸಿ, 3.65 ವೋಲ್ಟ್‌ಗೆ ನಿಧಾನವಾಗಿ ತುಂಬಿಸಿ ಸಮ ಮಾಡಿಕೊಂಡೆವು. ದಿನಗಟ್ಟಲೆ ಹಿಡಿಯುವ ಕೆಲಸ, ಬಿಡುವಂತಿಲ್ಲ. ಆಮೇಲೆ ಸಾಲು ಜೋಡಣೆ, ಮಧ್ಯೆ ತೆಳು ಹಾಳೆ, ಸುತ್ತ ಬಿಗಿ ಪಟ್ಟಿ, ಫ್ಯೂಸ್, ಕಾಂಟ್ಯಾಕ್ಟರ್ ಅನ್ನೋ ದೊಡ್ಡ ಸ್ವಿಚ್. ಮೊದಲ ಬಾರಿ ಓಡಿಸಿ ಬಂದ ತಕ್ಷಣ ಹುಡುಗ ಕೇಬಲ್ ತುದಿಯ ಲೋಹದ ಲಗ್‌ಗಳೆಲ್ಲದರ ಮೇಲೂ ಬಿಸಿ ಅಳೆಯುವ ಮೀಟರ್ ಹಿಡಿದ. ಒಂದು ಲಗ್ ಮಾತ್ರ ಪಕ್ಕದವುಗಳಿಗಿಂತ ಬಿಸಿ ಇತ್ತು. ಬಿಚ್ಚಿ, ಉಜ್ಜಿ, ಹೊಸದಾಗಿ ಕ್ರಿಂಪ್ ಮಾಡಿ ಬಿಗಿದ ಮೇಲೆ ಸರಿಹೋಯಿತು.

ಒಂದು ಸಣ್ಣ ವಿಷಯ ತುಂಬ ಜನ ಮರೆಯುತ್ತಾರೆ. ಈ ಸೆಲ್‌ನ ವೋಲ್ಟೇಜ್ ಚಾರ್ಜ್ ಇಳಿಯುತ್ತಾ ಹೋದರೂ ಬಹುಪಾಲು ಹಾಗೇ ಇರುತ್ತದೆ, ಕೊನೆಯಲ್ಲಿ ದಿಢೀರನೆ ಬೀಳುತ್ತದೆ. ವೋಲ್ಟ್ ನೋಡಿ 'ಇನ್ನೂ ಅರ್ಧ ಇದೆ' ಅಂದುಕೊಂಡರೆ ದಾರಿಯಲ್ಲಿ ನಿಲ್ಲುತ್ತೀರಿ. ಒಳಗೆ ಹೋದ, ಹೊರಗೆ ಬಂದ ಕರೆಂಟನ್ನು ಎಣಿಸುವ ಶಂಟ್ ಮೀಟರ್ ಹಾಕಿಸಲೇಬೇಕು.

ಕಾಗದಪತ್ರದ ಕೆಲಸವನ್ನು ಉದ್ದ ಬೆಳೆಸುವುದಿಲ್ಲ. 15 ವರ್ಷ ಮುಗಿದ ಕಾರು, ನೋಂದಣಿ ನವೀಕರಣ ಬೇಕು. 2021ರ ಆಗಸ್ಟಿನಿಂದ ಬ್ಯಾಟರಿ ವಾಹನಗಳಿಗೆ ಆ ನವೀಕರಣದ ಶುಲ್ಕ ಇಲ್ಲ. ಖಾಸಗಿ ಎಲೆಕ್ಟ್ರಿಕ್ ಕಾರಿಗೆ ಹಸಿರು ಪ್ಲೇಟಿನ ಮೇಲೆ ಬಿಳಿ ಅಕ್ಷರ. ಬ್ಯಾಟರಿ ಜಾತಿ ಬದಲಿಸುವ ಮುಂಚೆಯೇ ಆರ್‌ಟಿಓ ಕಚೇರಿಯಲ್ಲಿ, ಇನ್ಶೂರೆನ್ಸ್‌ನವರಲ್ಲಿ ಕೇಳಿಕೊಳ್ಳಿ.

ಈಗ ಕಾರು ಓಡುತ್ತಿದೆ. ಭಾರ ಇಳಿದು ಮುಂಭಾಗ ಎರಡು ಬೆರಳು ಮೇಲೆದ್ದಿದೆ, ಸ್ಪ್ರಿಂಗ್ ನೋಡಬೇಕು. ರಾಯಲ್ ಸರ್ಕಲ್ಲಿನ ಸಿಗ್ನಲ್ ಬಿಟ್ಟಾಗ ಮೊದಲ ಇಪ್ಪತ್ತು ಅಡಿಯಲ್ಲಿ ಬೈಕುಗಳ ಜೊತೆಗೇ ಹೊರಡುತ್ತದೆ. ಸ್ಪೋರ್ಟ್ಸ್ ಕಾರಿನ ಸುಖ ನನಗೆ ಅಷ್ಟರಲ್ಲೇ ಸಿಗುತ್ತದೆ. ನಮ್ಮ ಕರೆಂಟು ಕುಡಿತಿನಿಯ ಕಲ್ಲಿದ್ದಲು ವಿದ್ಯುತ್ ಸ್ಥಾವರದಿಂದ ಬರುತ್ತದಲ್ಲ, ಏನು ಲಾಭ ಅಂತ ಗೆಳೆಯರು ಕೇಳುತ್ತಾರೆ. ಕಲ್ಲಿದ್ದಲೂ ಇದೆ, ಮುನಿರಾಬಾದಿನ ನೀರೂ ಇದೆ, ಕೊಪ್ಪಳದ ಗಾಳಿಯಂತ್ರಗಳೂ ಇವೆ. ವರ್ಷ ಹೋದ ಹಾಗೆ ಕರೆಂಟ್ ಶುದ್ಧವಾದರೆ ನನ್ನ ಹಳೆ ಕಾರೂ ತಾನಾಗಿಯೇ ಶುದ್ಧವಾಗುತ್ತದೆ. ಅದಿರಿನ ಕೆಂಪು ಧೂಳು, ಲಾರಿಯ ಕಪ್ಪು ಹೊಗೆ ಎರಡನ್ನೂ ಕುಡಿಯುವ ಈ ಊರಿನಲ್ಲಿ, ಹೊಗೆ ಬಿಡದ ಒಂದು ಕಾರು ನಮ್ಮ ಬೀದಿಯ ಮಕ್ಕಳ ಮೂಗಿಗಂತೂ ಇವತ್ತೇ ಲಾಭ.

ರಾಯಚೂರು, ಕೊಪ್ಪಳ, ಹೊಸಪೇಟೆ ಕಡೆ ಯಾರದ್ದಾದರೂ ಶೆಡ್ಡಿನಲ್ಲಿ ರೇವಾ ನಿಂತಿದ್ದರೆ ಗುಜರಿಗೆ ಕೊಡುವ ಮುಂಚೆ ಸೀಟಿನ ಕೆಳಗಿನ ಚೌಕಟ್ಟು ಕುಟ್ಟಿ ನೋಡಿ, ಹಿಂದಿನ ಚಕ್ರ ಎತ್ತಿ ತಿರುಗಿಸಿ. ಚೌಕಟ್ಟು ಗಟ್ಟಿ ಇದ್ದು ಮೋಟಾರು ತಿರುಗಿದರೆ ಅದು ಓಡುವ ಕಾರೇ. ನಿಮ್ಮೂರಿನ ವೈಂಡಿಂಗ್ ಅಂಗಡಿಯವರನ್ನು ಒಮ್ಮೆ ಕರೆದು ತೋರಿಸಿ.